ಬಸ್ ಬಂದಾಗ ಬುದ್ಧಿಮಾತು

ಕ್ಷಮಿಸಿ ಸ್ನೇಹಿತರೇ, ಆಗಲೇ ಗ್ರೂಪಿಗೆ ಕಳಿಸಿದ ವಾಯ್ಸ್ ಮೆಸೇಜು ಅರ್ಧಕ್ಕೇ ನಿಂತಿತು, ಮತ್ತೆ ಶುರು ಮಾಡ್ತೀನಿ. ಪಿಯುಸಿ ಮುಗಿಸಿದ ಪಕ್ಕದ ಮನೆ ಸವಿತಾ ಇವತ್ತು ನರ್ಸಿಂಗ್ ಸೇರಲು ತುಮಕೂರಿಗೆ ಹೊರಟಿದ್ದಳು. ಹಂದನಕೆರೆ ಬಸ್ ಸ್ಟಾಪಿನಲ್ಲಿ ನಿಲ್ಲಿಸಿಕೊಂಡು ಬುದ್ಧಿ ಹೇಳತೊಡಗಿದೆ. ಬಸ್ ಬಂತು.

"ಇನ್ನೊಂದೇ ಮಾತು ಕಣವ್ವ."

"ಬುಡಿ ಮಾಮ, ಬಸ್ ಹೋಯ್ತದೆ!" ಅಂತ ಹತ್ತಿಯೇ ಬಿಟ್ಟಳು.

ಸಿಟ್ಟು ಬಂತು. ಆಮೇಲೆ ತೊಂಬತ್ತರ ದಶಕದ ನನ್ನ ದಿನ ನೆನಪಾಯಿತು. ಐಟಿಐ ಸೇರಲು ಅವತ್ತೇ ಕೊನೇ ದಿನ. ದೊಡ್ಡಪ್ಪ ಬಿಡಲಿಲ್ಲ. "ತಡಿಯಲಾ, ಮೇಷ್ಟ್ರತ್ರ ಬರಿಗೈಲಿ ಹೋಗ್ತಾರಾ?" ಅಂತ ಅಟ್ಟ ಹತ್ತಿ, ಒಂದೊಂದೇ ತೆಂಗಿನಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿಯಾಗಿ ಗಡಗಡ ಅನ್ನುವುದನ್ನೇ ಆರಿಸಿದ. ನಾನು ಕೆಳಗೆ ಚೀಲ ಹಿಡಿದು ನಿಂತೆ. ಬಸ್ಸೂ ಹೋಯಿತು, ಸೀಟೂ ಹೋಯಿತು. ದೊಡ್ಡಪ್ಪ ಈಗಿಲ್ಲ, ಕಾಯೊಳಗಿನ ಆ ಗಡಗಡ ಸದ್ದು ಕೇಳಿದರೆ ಈಗಲೂ ಅವನ ಮೇಲೆ ಪ್ರೀತಿಯೇ ಬರುತ್ತದೆ.

ಇದನ್ನು ಕೇಳೋ ಮಕ್ಕಳೇ, ಹಿರಿಯರು ಇನ್ನೂ ಮಾತಾಡುತ್ತಿದ್ದರೂ ಬಸ್ ಬಂದರೆ...

"ರೀ, ಫೋನಿಗೆ ಬುದ್ಧಿ ಹೇಳಿದ್ದು ಸಾಕು, ಮುದ್ದೆ ಆರೋಯ್ತದೆ!"

ಹೆಂಡತಿ. ಇಡ್ತೀನಿ.