ಸ್ಯಾಂಪಲ್ ಶರ್ಟು ಮತ್ತು ನೂರೈವತ್ತು ಪ್ರಶ್ನೆ

ಈಗ ನಿಶ್ಚಿಂತೆಯಿಂದ ಬರೆಯಬಹುದು. ಎರಡು ತಿಂಗಳ ಹಿಂದೆ ಯಾರು ಕೇಳಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ನಮ್ಮ ಕಾರ್ಮಿಕ ಸಂಘದ ಕಚೇರಿಯಲ್ಲಿ ಆ ಪರೀಕ್ಷೆಯ ಮಾತೆತ್ತಿದರೆ ಸಾಕು, ಮೂಲೆಯಲ್ಲಿ ಕೂತ ಮುದುಕಿ ನಾಲಿಗೆ ಕತ್ತರಿಸುತ್ತೇನೆ ಎನ್ನುವಂತೆ ಕೈಯಲ್ಲಿದ್ದ ಕತ್ತರಿ ಎತ್ತಿ ತೋರಿಸುತ್ತಿದ್ದಳು.

ಪರೀಕ್ಷೆ ಬರೆದವಳು ಮುದುಕಿಯ ಸೊಸೆ. ಎಲ್ಲರೂ ಕರೆಯುವುದು ಚೆಕ್ಕರಕ್ಕ ಅಂತ. ವಯಸ್ಸು ನಲವತ್ತೊಂದು. ಬಟ್ಟೆ ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಚೆಕ್ಕರ್. ಹೊಲಿದು ಬಂದ ಶರ್ಟನ್ನು ಮೇಜಿನ ಮೇಲೆ ಹರಡಿ ಕಾಲರು, ತೋಳು, ಗುಂಡಿ, ಕಾಜ, ಅಂಚು ನೋಡುವುದು, ಬಿಟ್ಟ ಹೊಲಿಗೆ ಕಂಡರೆ ಅಲ್ಲೊಂದು ಕೆಂಪು ಅಂಟುಚೀಟಿ ಹಚ್ಚಿ ವಾಪಸ್ಸು ಕಳಿಸುವುದು, ಇಷ್ಟು ಅವಳ ಕೆಲಸ. ಒಂದು ಶರ್ಟಿಗೆ ನಲವತ್ತು ಸೆಕೆಂಡು. ಮನೆಯಲ್ಲೂ ಅದೇ ಕಣ್ಣು. ಎಲೆಕ್ಟ್ರಿಷಿಯನ್ ಗಂಡ ಅಂಗಿ ತೊಟ್ಟು ಬಾಗಿಲು ದಾಟುವ ಮೊದಲು ಅವನ ತೋಳು ಹಿಡಿದು ಎಳೆದು ನೋಡುತ್ತಾಳೆ. "ಪಾಸಾ?" ಅಂತ ಅವನು ಕೇಳಿಯೇ ಹೊರಡುವುದು.

ಇಂಥವಳಿಗೆ ವಕೀಲಳಾಗುವ ಹುಚ್ಚು ಹಿಡಿಸಿದ್ದು ಕಾರ್ಮಿಕ ನ್ಯಾಯಾಲಯ. ಮಿಷನ್ ಬಿಟ್ಟು ಶೌಚಕ್ಕೆ ಹೋಗಿದ್ದಕ್ಕೆ ಮೂವರು ಹೆಂಗಸರನ್ನು ಕಾರ್ಖಾನೆ ಕೆಲಸದಿಂದ ತೆಗೆದಿತ್ತು. ಅವರು ಅನುಮತಿಯ ಟೋಕನ್ ತೆಗೆದುಕೊಂಡೇ ಹೋಗಿದ್ದರು, ಟೋಕನ್ ಪುಸ್ತಕದಲ್ಲಿ ಬರೆದೂ ಇತ್ತು. ನಮ್ಮ ವಕೀಲರು ಒಳ್ಳೆಯವರೇ. ಆದರೆ ಅವರ ಕಂಕುಳಲ್ಲಿ ಇಪ್ಪತ್ತು ಫೈಲು, ತಲೆಯಲ್ಲಿ ಜಾಗ ಹತ್ತಕ್ಕೆ. ಟೋಕನ್ ಪುಸ್ತಕದ ಮಾತನ್ನೇ ಮರೆತರು. ಹಿಂದೆ ಕೂತಿದ್ದ ಚೆಕ್ಕರಕ್ಕ ಎದ್ದು ನಿಂತು, "ಸ್ವಾಮಿ, ಟೋಕನ್ ಪುಸ್ತಕ ತರಿಸಿ ನೋಡಿ" ಅಂದಳು.

"ನೀವ್ಯಾರು?" ಅಂದರು ನ್ಯಾಯಾಧೀಶರು.

"ಅವರ ಜೊತೆ ಕೆಲಸ ಮಾಡೋಳು."

"ಕೂತ್ಕೊಳ್ಳಿ."

ಕೂತಳು. ಕೇಸು ನಾಲ್ಕು ತಿಂಗಳು ಮುಂದಕ್ಕೆ ಹೋಯಿತು. ಮೆಟ್ಟಿಲು ಇಳಿಯುವಾಗ ನನಗೆ ಹೇಳಿದಳು: "ಅಣ್ಣಾ, ಕರಿ ಕೋಟು ಹಾಕ್ಕೊಂಡೋರಿಗೆ ಮಾತ್ರ ಬಾಯಿ ಇರೋದಾದ್ರೆ ನಾವೂ ಒಂದು ಕೋಟು ಹೊಲ್ಕೊಳ್ಳೋಣ. ನಮಗೇನು ಹೊಲಿಗೆ ಬರಲ್ವಾ?"

ಅಂಚೆ ಮೂಲಕ ಪಾಠ ತರಿಸಿಕೊಂಡು, ಎಂಟು ವರ್ಷ ಹಲ್ಲು ಕಚ್ಚಿ ಓದಿ ಅವಳು ಆಗಲೇ ಪದವಿ ಮುಗಿಸಿದ್ದಳು. ಕಾನೂನಿಗೆ ಸೇರಲು ಪ್ರವೇಶ ಪರೀಕ್ಷೆ ಒಂದೇ ಅಡ್ಡ. ಆದರೆ ಊರಲ್ಲಿ ಸಂಜೆ ತರಗತಿ ಇದ್ದ ಕಾನೂನು ಕಾಲೇಜು ಒಂದೇ, ಅದೂ ಈ ವರ್ಷವೇ ಸಂಜೆಯ ಕೊನೆಯ ತಂಡ ಎಂದು ಬೋರ್ಡು ಹಾಕಿತ್ತು. ಮುಂದಿನ ವರ್ಷದಿಂದ ಹಗಲು ಮಾತ್ರ. ಹಗಲು ಓದಬೇಕೆಂದರೆ ಕೆಲಸ ಬಿಡಬೇಕು, ಕೆಲಸ ಬಿಟ್ಟರೆ ಒಲೆ ಹತ್ತುವುದಿಲ್ಲ. ಅಂದರೆ ಈ ಸಲ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಕರಿ ಕೋಟಿನ ಮಾತು ಜೋಕಾಗಿಯೇ ಉಳಿಯಬೇಕಿತ್ತು. ಅರವತ್ತು ಸೀಟು. ಹೋದ ವರ್ಷ ಕೊನೆಯ ಸೀಟು ನಿಂತದ್ದು ನೂರೈವತ್ತಕ್ಕೆ ಎಂಬತ್ತನಾಲ್ಕು ಅಂಕಕ್ಕೆ.

ನಾವು ಚಳವಳಿಯವರು ಘೋಷಣೆ ಬರೆಯುವುದರಲ್ಲಿ ಗಟ್ಟಿಗರು, ಅರ್ಜಿ ತುಂಬುವುದರಲ್ಲಿ ಶುದ್ಧ ದಡ್ಡರು. ಅವಳ ಅರ್ಜಿ ತುಂಬಿಕೊಡಲು ಹೋದ ನಾನು ಹುಟ್ಟಿದ ತಾರೀಖಿನ ಜಾಗದಲ್ಲಿ ಸಂಘ ಹುಟ್ಟಿದ ತಾರೀಖು ಬರೆದೆ. "ಮಾಮಾ, ನೀವು ಟೀ ಮಾಡಿ, ಇದನ್ನ ನಂಗೆ ಬಿಡಿ" ಎಂದು ಅವಳ ಮಗಳು ಕಿತ್ತುಕೊಂಡಳು. ಮಗಳು ಡಿಗ್ರಿ ಮೊದಲ ವರ್ಷ. ಹಳೇ ಪ್ರಶ್ನೆಪತ್ರಿಕೆಗಳನ್ನು ಎಲ್ಲಿಂದಲೋ ಹೊಂದಿಸಿ ತಂದವಳೂ ಅವಳೇ.

ಪರೀಕ್ಷೆಗೆ ಹನ್ನೊಂದು ವಾರ ಇತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕಚೇರಿಯ ಉದ್ದ ಮೇಜಿನ ಒಂದು ತುದಿಯಲ್ಲಿ ಅಮ್ಮ, ಇನ್ನೊಂದು ತುದಿಯಲ್ಲಿ ಸರಿಯುತ್ತರದ ಹಾಳೆ ಹಿಡಿದ ಮಗಳು, ನಡುವೆ ಗೋಡೆಯಿಂದ ಇಳಿಸಿದ ಗಡಿಯಾರ. ಕಿಟಕಿ ಪಕ್ಕ, ಹರಿದ ಬ್ಯಾನರಿಗೆ ತೇಪೆ ಹಾಕುತ್ತಾ ಅತ್ತೆ. ಆಕೆ ಅದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟೈಲರಾಗಿದ್ದವಳು. ಒಂದು ಕಣ್ಣು ಮಂಜಾದ ಮೇಲೆ ಮನೆಗೆ ಕಳಿಸಿದ್ದರು. ನಾಲಿಗೆ ಮಾತ್ರ ಮಂಜಾಗಿರಲಿಲ್ಲ.

ನೂರೈವತ್ತು ಪ್ರಶ್ನೆ, ಎರಡು ಗಂಟೆ. ಸರಿಗೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಟ್. ಮೊದಲ ಭಾನುವಾರ ಹನ್ನೆರಡು ಹೊಡೆಯಿತು.

"ಅಮ್ಮಾ, ಟೈಮಾಯ್ತು. ಪೆನ್ ಇಡು."

"ಇನ್ನೂ ಅರ್ಧ ಹಾಗೇ ಇದೆಯಲ್ಲೇ!"

"ಅದಕ್ಕೆ ನಾನೇನ್ ಮಾಡ್ಲಿ? ಇಡು ಅಂದ್ರೆ ಇಡು."

"ಅಬ್ಬಾ," ಅಂದಳು ಅತ್ತೆ, "ನನ್ ಸೊಸೆಗೆ ಹಿಂಗೆ ಗದರೋರು ಒಬ್ರಾದ್ರೂ ಹುಟ್ಟಿದ್ರಲ್ಲ."

ಮುಟ್ಟಿದ್ದು ಎಪ್ಪತ್ತೆಂಟು ಪ್ರಶ್ನೆ. ಐವತ್ತೆರಡು ಸರಿ, ಇಪ್ಪತ್ತಾರು ತಪ್ಪು. ಅಂಕ ನಲವತ್ತೈದೂವರೆ.

ಓದು ಸಾಲದಾಯಿತು ಅಂದುಕೊಂಡೆವು. ಅವಳು ಬೆಳಿಗ್ಗೆ ಬಸ್ಸಿನಲ್ಲಿ ಓದಿದಳು, ಊಟದ ಬಿಡುವಿನಲ್ಲಿ ಡಬ್ಬಿಯ ಮುಚ್ಚಳಕ್ಕೆ ಚೀಟಿ ಒರಗಿಸಿಕೊಂಡು ಓದಿದಳು. ಅಡುಗೆ ಗಂಡನ ಪಾಲಿಗೆ ಬಂತು. ಉಪ್ಪು ಹೆಚ್ಚಾದಾಗಲೂ ಯಾರೂ ಅಂಟುಚೀಟಿ ಹಚ್ಚಲಿಲ್ಲ. ಮುಂದಿನ ಎರಡು ಪತ್ರಿಕೆಯಲ್ಲಿ ಬಂದದ್ದು ಐವತ್ತೊಂದು, ಆಮೇಲೆ ನಲವತ್ತೆಂಟು. ಇಷ್ಟೆಲ್ಲ ಓದಿ ಅಂಕ ಇಳಿದರೆ ಮನುಷ್ಯರಿಗೆ ಹೇಗಾಗಬೇಡ? ಅವಳು ಅಳುವವಳಲ್ಲ. ಪ್ರಶ್ನೆಪತ್ರಿಕೆಯನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲ ಕೆಳಗೆ ತುರುಕಿ ಎದ್ದು ಹೋದಳು.

ಮಗಳು ಅದನ್ನು ಎಳೆದು ಬಿಡಿಸಿದಳು. ಮುಂದಿನ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಲೆಕ್ಕ ಒಪ್ಪಿಸಿದಳು: "ಗಣಿತ ಸರಿ, ಸಾಮಾನ್ಯ ಜ್ಞಾನ ಸರಿ. ಕಾನೂನಿನ ಪ್ರಶ್ನೆ ನಲವತ್ತು, ಅದರಲ್ಲಿ ಒಂಬತ್ತೇ ಸರಿ. ಎಲ್ಲ ಬಿಟ್ಟು ಕಾನೂನಲ್ಲೇ ಮುಗ್ಗರಿಸ್ತೀಯಲ್ಲಮ್ಮ! ಮತ್ತೆ ಇದೇನಿದು?"

ಪತ್ರಿಕೆಯ ತುಂಬ ಕೆಂಪು ಅಂಟುಚೀಟಿ. ಪ್ರಶ್ನೆಗಳಿಗೇ ಹಚ್ಚಿದ್ದಳು.

"ಪ್ರಶ್ನೆನೇ ಡಿಫೆಕ್ಟು. ನೀನೇ ಓದು."

ಆ ಕಾನೂನಿನ ಪ್ರಶ್ನೆಗಳ ರೀತಿಯೇ ಬೇರೆ. ಮೇಲೆ ಒಂದು ನಿಯಮ, ಕೆಳಗೆ ಒಂದು ಘಟನೆ. ಆ ನಿಯಮದ ಪ್ರಕಾರ ತೀರ್ಪು ಏನು ಅಂತ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮಗಳು ಓದಿದಳು: "ನಿಯಮ: ಇನ್ನೊಬ್ಬರ ಜಾಗಕ್ಕೆ ಅನುಮತಿಯಿಲ್ಲದೆ ಕಾಲಿಟ್ಟವರು, ಉದ್ದೇಶ ಏನೇ ಇರಲಿ, ತಪ್ಪಿತಸ್ಥರು. ಘಟನೆ: ಜೋರು ಮಳೆ ಬಂದಾಗ ಒಬ್ಬ ಹೆಂಗಸು ಗೋಡೌನಿನ ಜಗಲಿ ಹತ್ತಿ ನಿಂತಳು. ಮಾಲೀಕ ದೂರು ಕೊಟ್ಟ."

"ತಪ್ಪಿತಸ್ಥಳಲ್ಲ ಅಂತ ಹಾಕಿದೀನಿ. ಮಳೆ ಬಂದ್ರೆ ಅವಳು ಎಲ್ಲಿ ನಿಲ್ಬೇಕಿತ್ತು? ಅವನ ತಲೆ ಮೇಲಾ?"

"ಸರಿಯಾಗೇ ಹೇಳಿದೀಯ" ಅಂದೆ ನಾನು.

"ಮಾಮಾ, ನೀವು ಸುಮ್ನಿರಿ. ಉತ್ತರ: ತಪ್ಪಿತಸ್ಥಳು."

"ಇಂಥಾ ನಿಯಮ ಬರೆದೋನ್ಯಾರು? ಅವನನ್ನ ಮಳೇಲಿ ನಿಲ್ಲಿಸ್ಬೇಕು!"

ತಾಯಿ ಮಗಳ ದನಿ ಬೀದಿಗೆ ಕೇಳಿಸುವಷ್ಟಾಯಿತು. ಅಂಥ ಪ್ರಶ್ನೆಗೆಲ್ಲ ಚೆಕ್ಕರಕ್ಕ ನ್ಯಾಯ ಕೊಡುತ್ತಾ ಬಂದಿದ್ದಳು: ಬಾಡಿಗೆಯವರ ಕಡೆಗೆ, ಕೂಲಿಯವರ ಕಡೆಗೆ, ಮಳೆಯಲ್ಲಿ ನೆಂದವರ ಕಡೆಗೆ. ಹಿಂದಿನ ವಾರ ನಾನೂ ಕದ್ದುಮುಚ್ಚಿ ಆ ನಲವತ್ತನ್ನು ಬರೆದು ನೋಡಿದ್ದೆ. ಐದು ಸರಿ.

ಅಷ್ಟರಲ್ಲಿ ಅತ್ತೆ ದಾರ ಕಚ್ಚಿ ಹರಿದು ಕೇಳಿದಳು: "ಏನೇ, ಅದರಲ್ಲಿ ಸ್ಯಾಂಪಲ್ ಅಂತ ಏನಾದ್ರೂ ಕೊಟ್ಟಿದಾರಾ?"

ಸ್ಯಾಂಪಲ್ ಅಂದರೆ, ಹೊಸ ಆರ್ಡರ್ ಶುರುವಾದಾಗ ಮಾಲು ಕೊಳ್ಳುವ ಕಂಪನಿ ಒಪ್ಪಿ ಮೊಹರು ಹಾಕಿ ಕಳಿಸಿದ ಶರ್ಟು. ಅದು ಚೆಕ್ಕರ್ ಮೇಜಿನ ಎದುರಿಗೆ ತೂಗುತ್ತಿರುತ್ತದೆ. ಬಂದ ಪ್ರತಿ ಶರ್ಟೂ ಅದರ ಹಾಗಿದ್ದರೆ ಪಾಸು, ಇಲ್ಲದಿದ್ದರೆ ವಾಪಸು.

"ಪರೀಕ್ಷೇಲಿ ಎಲ್ಲಿಂದ ಬರುತ್ತೆ ಅತ್ತೆ ಸ್ಯಾಂಪಲ್ಲು?"

"ಮೇಲೆ ಏನೋ ಓದಿದಳಲ್ಲ, ನಿಯಮ ಅಂತ. ಅದೇನು ಮತ್ತೆ? ಹೋದ ವರ್ಷ ಒಂದು ಬಂದಿತ್ತಲ್ಲ, ಜೇಬು ಸೊಂಟದ ಹತ್ರ ಇರೋ ಶರ್ಟು, ಕತ್ತೆ ಹಾಕ್ಕೊಂಡ್ರೂ ಚಂದ ಕಾಣಲ್ಲ ಅಂದಿದ್ಯಲ್ಲ. ವಾಪಸ್ ಕಳಿಸಿದ್ಯಾ?"

"ಇಲ್ಲ. ಸ್ಯಾಂಪಲ್ ಹಂಗೇ ಇತ್ತು."

"ಸ್ಯಾಂಪಲ್ ದರಿದ್ರವಾಗಿತ್ತು, ಆದ್ರೂ ನೀನು ಪಾಸ್ ಮಾಡ್ದೆ."

"ಪಾಸ್ ಮಾಡ್ದೆ."

"ಮತ್ತೆ ಇಲ್ಲೇನು ಧಾಡಿ?"

ಚೆಕ್ಕರಕ್ಕ ಪತ್ರಿಕೆ ಎಳೆದುಕೊಂಡು, ಒಂದೊಂದೇ ಅಂಟುಚೀಟಿ ಕಿತ್ತು, ನಲವತ್ತನ್ನೂ ಮೊದಲಿಂದ ಮಾಡಿದಳು. ನಿಯಮದ ಮೇಲೆ ಎಡಗೈ ಬೆರಳು, ಘಟನೆಯ ಮೇಲೆ ಬಲಗೈ ಬೆರಳು, ಶರ್ಟು ನೋಡುವ ಹಾಗೆಯೇ. ಮೂವತ್ತಮೂರು ಸರಿಯಾದವು. ಮಗಳು ಎರಡು ಸಲ ಎಣಿಸಿದಳು. ಅತ್ತೆ ತಲೆಯೆತ್ತದೆ, "ನಂಗೂ ಒಂದು ಅರ್ಜಿ ತನ್ನಿ" ಅಂದಳು.

ಮುಂದಿನ ಪೂರ್ತಿ ಪತ್ರಿಕೆಗೆ ಎಪ್ಪತ್ತೊಂದು ಬಂತು. ಇನ್ನು ಉಳಿದದ್ದು ಸಮಯದ ಕಾಟ. ಗಣಿತದ ಒಂದು ಪ್ರಶ್ನೆ ಸಿಕ್ಕಿಕೊಂಡರೆ ಹತ್ತು ನಿಮಿಷ ಅಲ್ಲೇ ಗಂಟುಬೀಳುತ್ತಿದ್ದಳು. ಇದಕ್ಕೆ ಮದ್ದು ಅವಳೇ ಕಂಡುಕೊಂಡಳು. ಅನುಮಾನದ ಶರ್ಟು ಬಂದರೆ ಚೆಕ್ಕರ್ ಲೈನ್ ನಿಲ್ಲಿಸುವುದಿಲ್ಲ, ಪಕ್ಕದ ಬುಟ್ಟಿಗೆ ಹಾಕಿ ಮುಂದಿನದು ಎತ್ತುತ್ತಾಳೆ. ಪ್ರಶ್ನೆಯನ್ನೂ ಹಾಗೇ ಚುಕ್ಕೆ ಹಾಕಿ ಬುಟ್ಟಿಗೆ ಎಸೆದಳು. ಎಂಬತ್ತೆಂಟು! ಆ ಗೆಲುವಿನ ಅಮಲಿನಲ್ಲಿ ಮುಂದಿನ ವಾರ ಕಂಡದ್ದನ್ನೆಲ್ಲ ಬುಟ್ಟಿಗೆ ಎಸೆದು, ಕೊನೆಗೆ ಬುಟ್ಟಿ ತೆಗೆದು ನೋಡಲು ಹೊತ್ತೇ ಸಾಲದೆ ಎಪ್ಪತ್ತೊಂಬತ್ತಕ್ಕೆ ಬಿದ್ದಳು. ಆಮೇಲೆ ಎಂಬತ್ತಮೂರು, ಎಂಬತ್ತಾರು, ಮತ್ತೆ ಎಂಬತ್ತೆರಡು. ಎಂಬತ್ತನಾಲ್ಕರ ಗೆರೆಯ ಅತ್ತ ಒಂದು ಕಾಲು, ಇತ್ತ ಒಂದು ಕಾಲು. ಅದೇ ಸ್ಥಿತಿಯಲ್ಲಿ ಪರೀಕ್ಷೆ ಬಂತು.

ಪರೀಕ್ಷೆ ದಿನ ಗಂಡ ರಜೆ ಹಾಕಿ ಅವಳನ್ನು ಬೈಕಿನಲ್ಲಿ ಬಿಟ್ಟುಬಂದ. ಬಾಗಿಲಲ್ಲಿ ಅವಳ ತೋಳು ಹಿಡಿದು ಎಳೆದು, "ಪಾಸು" ಅಂದನಂತೆ. ನಾವು ಕಚೇರಿಯಲ್ಲಿ ಕೂತು ಯಾರ ಮುಖ ಯಾರೂ ನೋಡದೆ ಟೀ ಕುಡಿದೆವು. ಮಧ್ಯಾಹ್ನ ಬಂದವಳು ಬೆಂಚಿನ ಮೇಲೆ ಧೊಪ್ಪನೆ ಕೂತಳು.

"ಹೆಂಗಾಯ್ತು?" ಅಂದೆ.

"ಒಬ್ಬನನ್ನ ಕೆಲಸದಿಂದ ತೆಗೆದು ಬಂದೆ ಅಣ್ಣಾ."

ನೂರ ಇಪ್ಪತ್ತನೇ ಪ್ರಶ್ನೆಯಂತೆ. ನಿಯಮ: ಅನುಮತಿಯಿಲ್ಲದೆ ಯಂತ್ರ ಬಿಟ್ಟು ಹೋದ ಕೆಲಸಗಾರನನ್ನು ಕಾರಣ ಏನೇ ಇದ್ದರೂ ಮಾಲೀಕ ವಜಾ ಮಾಡಬಹುದು. ಘಟನೆ: ಪಕ್ಕದವನು ತಲೆಸುತ್ತಿ ಬಿದ್ದ, ಇವನು ಎತ್ತಲು ಓಡಿದ, ಮಾಲೀಕ ವಜಾ ಮಾಡಿದ. ಕೋರ್ಟಿಗೆ ಅಲೆಯುತ್ತಿದ್ದ ಆ ಮೂವರು ಹೆಂಗಸರು ಅವಳ ಕಣ್ಣೆದುರು ಬಂದು ನಿಂತರಂತೆ.

"ಕೈಯೇ ಬರಲಿಲ್ಲ. ಬುಟ್ಟಿಗೆ ಹಾಕಿ ಮುಂದೆ ಹೋದೆ. ಕೊನೇಲಿ ಐದು ನಿಮಿಷ ಇತ್ತು, ವಾಪಸ್ ಬಂದೆ. ಅತ್ತೆ ಮುಖ ನೆನಪಾಯ್ತು. ವಜಾ ಸರಿ ಅಂತ ಗುರುತು ಹಾಕ್ದೆ. ಹಾಕಿ ಅವನಿಗೆ ಹೇಳ್ದೆ, ಮೂರು ವರ್ಷ ತಡ್ಕೊಳಪ್ಪಾ, ಓದು ಮುಗಿಸಿ ಬಂದು ನಿನ್ನ ವಾಪಸ್ ಸೇರಿಸ್ತೀನಿ. ಈ ಸ್ಯಾಂಪಲ್ಲನ್ನೂ ಒಂದ್ ಕೈ ನೋಡ್ಕೋತೀನಿ."

ಅತ್ತೆ ಕೇಳಿದಳು, "ಜೋರಾಗಿ ಹೇಳಿದ್ಯಾ?"

"ಮನಸಲ್ಲೇ ಅತ್ತೆ."

"ಸದ್ಯ."

ಫಲಿತಾಂಶ ಬಂದದ್ದು ಮೂರು ವಾರದ ಮೇಲೆ, ಕೆಲಸದ ದಿನ. ಕಾರ್ಖಾನೆಯ ಒಳಗೆ ಫೋನು ಬಿಡುವುದಿಲ್ಲ. ಊಟದ ಗಂಟೆ ಹೊಡೆದಾಗ ಮಗಳು ಗೇಟಿನ ಸರಳು ಹಿಡಿದು ನಿಂತಿದ್ದಳು. ಓಡಿ ಬಂದು ಏದುಸಿರು. ಆ ಮುಖ ನೋಡಿದ ಚೆಕ್ಕರಕ್ಕ ಊಟದ ಡಬ್ಬಿ ಹಿಡಿದೇ ಗೇಟಿಗೆ ಬಂದಳು.

"ಹೋಯ್ತೇನೇ?"

ಮಗಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

"ಬಾಯಿ ಬಿಡೇ ಮಾರಾಯ್ತಿ!"

"ಎಂಬತ್ತೇಳೂವರೆ. ಕೊನೇ ಸೀಟು ಎಂಬತ್ತೈದಕ್ಕೆ ನಿಂತಿದೆ. ಸಿಕ್ತಮ್ಮಾ!"

ಚೆಕ್ಕರಕ್ಕ ವಾಚ್‌ಮನ್ನನ ಸ್ಟೂಲಿನ ಮೇಲೆ ಕುಸಿದು ಕೂತಳು. ವಾಚ್‌ಮನ್ನು ಗಾಬರಿಯಿಂದ ನೀರು ತಂದ. ಅರ್ಧ ಕುಡಿದಳು, ಅರ್ಧ ಕುತ್ತಿಗೆಯ ಮೇಲೆ ಸುರಿದುಕೊಂಡಳು. ಹದಿನಾಲ್ಕು ವಾರ ಭುಜದ ಮೇಲೆ ಹೇರಿಕೊಂಡಿದ್ದ ಕಲ್ಲು ಇಳಿದು, ಒಮ್ಮೆಲೇ ಹಸಿವಾಯಿತಂತೆ. ಡಬ್ಬಿ ಬಿಚ್ಚಿದರೆ ಅಂದೂ ಉಪ್ಪು ಹೆಚ್ಚು. ಕೊನೆಯ ತುತ್ತಿನವರೆಗೆ ತಿಂದಳು.

ಸಂಜೆ ಸುದ್ದಿ ಕೇಳಿದ ಅತ್ತೆ ಕತ್ತರಿಯನ್ನು ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದಳು. "ಸದ್ಯ, ಪರೀಕ್ಷೆ ಕಾಟ ಮುಗೀತಲ್ಲ" ಅಂದಳು.

"ಇಲ್ಲಜ್ಜಿ, ಇನ್ನು ಆರಾರು ತಿಂಗಳಿಗೆ ಒಂದೊಂದು ಇರುತ್ತೆ, ಮೂರು ವರ್ಷ" ಅಂದಳು ಮೊಮ್ಮಗಳು.

ಅತ್ತೆ ಮುಚ್ಚಳ ತೆಗೆದು ಕತ್ತರಿಯನ್ನು ಮತ್ತೆ ಹೊರಗಿಟ್ಟಳು.

ಮರುದಿನ ಸೂಪರ್‌ವೈಸರ್ ಒಂದು ಶರ್ಟು ಹಿಡಿದು ಚೆಕ್ಕರಕ್ಕನ ಮೇಜಿನ ಹತ್ತಿರ ಬಂದ. ಹಿಂದಿನ ಮಧ್ಯಾಹ್ನ, ಊಟದ ಬಿಡುವಾದ ಮೇಲೆ ಅವಳು ಪಾಸು ಮಾಡಿದ್ದು. ಎದೆಯ ನಡುವಿನ ಗುಂಡಿಗೆ ಕಾಜವೇ ಇರಲಿಲ್ಲ.

"ಏನಕ್ಕಾ ಇದು? ಇಷ್ಟು ವರ್ಷದಲ್ಲಿ ನಿಮ್ಮ ಕೈಯಿಂದ ಇಂಥದ್ದು ಬಂದಿದ್ದಿಲ್ಲ."

ಅವಳು ತೂಗುತ್ತಿದ್ದ ಸ್ಯಾಂಪಲ್ ನೋಡಿದಳು, ಶರ್ಟು ನೋಡಿದಳು.

"ನಂದೇ ತಪ್ಪು ಸಾರ್. ನಿನ್ನೆ ಕಣ್ಣು ಇಲ್ಲಿರಲಿಲ್ಲ" ಎಂದು ಕೆಂಪು ಚೀಟಿ ಹಚ್ಚಿ, ನಗುತ್ತಾ ವಾಪಸಿನ ಬುಟ್ಟಿಗೆ ಹಾಕಿ, ಮುಂದಿನದನ್ನು ಎತ್ತಿಕೊಂಡಳು.