ಖಾಲಿ ಮಾಡಿದ ಕ್ವಾರ್ಟರ್ಸು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ಭಾನುವಾರದ ಸಿಟ್ಟಿಗೆ ಮಾತ್ರ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ.

ನವರಂಗಪುರದಲ್ಲಿ ಉಡುಪಿ ಕಡೆಯವರ ಒಂದು ಹೋಟೆಲಿದೆ. ಅಹಮದಾಬಾದಿನಲ್ಲಿ ಸಾಂಬಾರು ಪಾಯಸವಾಗದೆ ಸಾಂಬಾರಾಗಿಯೇ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಭಾನುವಾರ ಬೆಳಿಗ್ಗೆ ಕನ್ನಡದ ಹುಡುಗರೆಲ್ಲ ಅಲ್ಲಿ ಸೇರುತ್ತಾರೆ. ಅಮ್ಮನಿಗೆ ಮಂಡಿನೋವು, ಹೊರಗೆ ಬರುವುದಿಲ್ಲ. ಅವಳಿಗಾಗಿ ಇಡ್ಲಿ ಕಟ್ಟಿಸಿಕೊಂಡು ಹೋಗಲು ನಾನು ಕಾಯುತ್ತಿದ್ದೆ.

ಪಕ್ಕದ ಮೇಜಿನಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬ ಮೊಬೈಲು ಹಿಡಿದು ಗೆಳೆಯರಿಗೆ ಏನೋ ತೋರಿಸುತ್ತಿದ್ದ. ಬೋಡಕ್‌ದೇವ್‌ನ ಯಾವುದೋ ಕಂಪನಿಯಲ್ಲಿ ಕೆಲಸ, ಮುಖಪರಿಚಯವಿತ್ತು. ದೀಪಾವಳಿ ರಜೆಯಲ್ಲಿ ಊರಿಗೆ ಹೋದವನು ಬೈಕಿನಲ್ಲಿ ಘಟ್ಟ ಸುತ್ತಿ ಬಂದಿದ್ದನಂತೆ. "ಇದ ನೋಡ್ರಲೇ, ದೆವ್ವದ ಊರು" ಎಂದ. ಮೊಬೈಲಿನಿಂದ ಹೆದರಿಸುವ ಸಂಗೀತ ಬಂತು. ಸುಮ್ಮನೆ ತಿರುಗಿ ನೋಡಿದೆ. ಸಾಲು ಸಾಲು ಕ್ವಾರ್ಟರ್ಸು, ಗೋಡೆಗಳ ಮೇಲೆಲ್ಲ ಪಾಚಿ, ಹಿಂದೆ ತಲೆ ಬೋಳಿಸಿಕೊಂಡ ಬೆಟ್ಟ.

ಅದು ನಾನು ಹುಟ್ಟಿ ಬೆಳೆದ ಊರು. ಕಬ್ಬಿಣದ ಅದಿರಿಗಾಗಿ ಬೆಟ್ಟದ ಮೇಲೆ ಕಟ್ಟಿದ ಊರು. ಅಪ್ಪ ಅಲ್ಲಿ ಅದಿರಿನ ಡಂಪರ್ ಓಡಿಸುತ್ತಿದ್ದರು. ಕಾಡು ಉಳಿಯಬೇಕು ಎಂದು ಗಣಿ ನಿಲ್ಲಿಸಿದರು. ಸರಿ, ಕಾಡು ಉಳಿಯಬೇಕಿತ್ತು, ಒಪ್ಪುತ್ತೇನೆ. ಆ ಬೆಟ್ಟವನ್ನು ಕೊರೆದು ತಿಂದವರಲ್ಲಿ ನಾವೂ ಇದ್ದೆವು. ಗಣಿ ನಿಂತಿತು, ಕೆಲಸ ಹೋಯಿತು, ಜನ ಲಾರಿ ಹತ್ತಿದರು. ನಡೆದದ್ದು ಇಷ್ಟೇ. ಇದರಲ್ಲಿ ದೆವ್ವ ಎಲ್ಲಿಂದ ಬಂತು?

ವಿಡಿಯೊದಲ್ಲಿ ಹುಡುಗ ಒಂದು ಮನೆಯೊಳಗೆ ನುಗ್ಗಿದ. ಅಡುಗೆಮನೆಯ ಗೋಡೆಗೆ ಸೊಂಟದೆತ್ತರದವರೆಗೆ ಗಿಳಿಹಸಿರು ಬಣ್ಣ. ಗೋಡೆ ಥಂಡಿ ಹಿಡಿಯುತ್ತದೆ ಎಂದು ಅಪ್ಪ ತಾವೇ ಬಳಿದ ಬಣ್ಣ ಅದು. ಇಡೀ ಸಾಲಿಗೇ ನಗೆಪಾಟಲಾಗಿತ್ತು. ನಮ್ಮದನ್ನು ಗಿಳಿಮನೆ ಅನ್ನುತ್ತಿದ್ದರು. ಅಡುಗೆಕಟ್ಟೆಯ ಮೇಲೆ ಬಾಯಿಗೆ ಬಟ್ಟೆ ಬಿಗಿದ ಒಂದು ಪಿಂಗಾಣಿ ಭರಣಿ. ಮೇಲೆ ಗೋಡೆಯಲ್ಲಿ ಮಾಸಿದ ಕೆಂಪು ಕಲೆ. "ಇಲ್ಲೇ ಮಾಟ ಮಾಡ್ಯಾರ ನೋಡ್ರಿ, ರಕ್ತದ ಕಲಿ ಇನ್ನೂ ಐತಿ" ಎಂದಿತು ಅವನ ದನಿ. ಕೋಲಿನಿಂದ ಭರಣಿಯನ್ನು ಉರುಳಿಸಿದ. ಗೆಳೆಯರು ನಕ್ಕರು.

ಮಾಟವಂತೆ! ಅದು ನನ್ನ ಅಮ್ಮ ಇಟ್ಟ ಉಪ್ಪು. ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಪದ್ಧತಿಯಿತ್ತು. ಮನೆ ಖಾಲಿ ಮಾಡುವವರು ಮುಂದೆ ಬರುವವರಿಗೆಂದು ಭರಣಿಯಲ್ಲಿ ಉಪ್ಪು ಇಟ್ಟು, ಒಲೆಯ ಮೇಲಿನ ಗೋಡೆಗೆ ಅರಿಸಿನ ಕುಂಕುಮ ಹಚ್ಚಿ ಹೊರಡಬೇಕು. ಘಟ್ಟ ಹತ್ತಿ ಬರುವ ಲಾರಿ ಯಾವ ಹೊತ್ತಿಗೆ ತಲುಪುತ್ತದೋ, ಅಂಗಡಿ ತೆರೆದಿರುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಒಂದು ಗಂಜಿಯಾದರೂ ಬೇಯಲಿ ಎಂದು. ಅಪ್ಪ ಅಮ್ಮ ಬಂದಾಗ ಅವರಿಗೂ ಯಾರೋ ಇಟ್ಟು ಹೋಗಿದ್ದರು.

ಗಣಿ ಮುಚ್ಚಿದ ಮೇಲೂ ಅಮ್ಮ ಇಟ್ಟಳು. ಇಡದೆ ಏನು ಮಾಡುತ್ತಾಳೆ? ಕೀಲಿಕೈ ಇಸಿದುಕೊಳ್ಳಲು ಬಂದ ಸಾಹೇಬರು, "ಚೆನ್ನಾಗಿ ತೊಳೆದು ಕೊಡಮ್ಮ, ಬೇರೆಯವರು ಬರ್ತಾರೆ" ಎಂದಿದ್ದರು. ಹೊರಗೆ ಲಾರಿಯವನು ಹಾರ್ನ್ ಬಾರಿಸುತ್ತಿದ್ದ. ಸಾಹೇಬರು ಮೂಲೆಯಲ್ಲಿ ಮಸಿಯಿದೆ ಎಂದು ಬೆರಳು ತೋರಿಸಿ ಮತ್ತೊಮ್ಮೆ ಉಜ್ಜಿಸಿದರು. ಅಮ್ಮ ಸೆರಗು ಸಿಕ್ಕಿಸಿ ಕೂತು ಉಜ್ಜಿದಳು. ಅಂದಿನಿಂದ ಇಂದಿನವರೆಗೂ ಆ ಮನೆಯಲ್ಲಿ ಒಂದು ಸಂಸಾರವಿದೆ ಎಂದೇ ಅವಳ ನಂಬಿಕೆ. ಮಳೆಗಾಲ ಶುರುವಾದರೆ ಸಾಕು, "ಪಾಪ, ಹಿತ್ತಲ ಬಾಗಿಲು ಸೋರುತ್ತೆ, ಅವರಿಗೆ ಗೊತ್ತೋ ಇಲ್ವೋ" ಅನ್ನುತ್ತಾಳೆ. ನಾನು ಹೂಂಗುಟ್ಟುತ್ತೇನೆ. ಅವಳಿಗೆ ಉಳಿದಿರುವುದು ಆ ಒಂದು ಸಮಾಧಾನ. ಈ ವಿಡಿಯೊ ಅವಳ ಕಣ್ಣಿಗೆ ಬಿದ್ದರೆ ಅದೂ ಹೋಯಿತು.

ಎದ್ದು ಹೋಗಿ ಅವನ ಮೊಬೈಲು ಕಿತ್ತುಕೊಂಡೆ. "ಇದು ನಮ್ಮ ಮನೆ. ಅದು ನಮ್ಮಮ್ಮನ ಉಪ್ಪಿನ ಭರಣಿ. ಈಗಲೇ ಅಳಿಸು" ಎಂದೆ. ಹೋಟೆಲೆಲ್ಲ ತಿರುಗಿ ನೋಡಿತು.

"ಆಂಟಿ, ಸಿಟ್ಟಾಗಬ್ಯಾಡ್ರಿ. ನಾ ಚಾಷ್ಟಿಗೆ ಅಂದೇನ್ರಿ" ಎಂದು ಹಲ್ಲು ಕಿರಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆಮೇಲೆ ಅವನ ಕಣ್ಣು ಮಿನುಗಿತು. "ಒಂದ ಕೆಲಸ ಮಾಡೂಣ್ರಿ. ನಿಮ್ಮ ತಾಯಿನ್ನ ಮಾತಾಡಸ್ತೇನಿ. ಎರಡನೇ ಭಾಗ ಭಾರಿ ಆಗತೈತಿ."

ಕೈಯಲ್ಲಿ ಸಾಂಬಾರಿನ ಬಟ್ಟಲಿದ್ದಿದ್ದರೆ ಅವನ ತಲೆಗೆ ಸುರಿಯುತ್ತಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕಂಡವರ ಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದವನೇ, ನಿಮ್ಮಮ್ಮನ ಅಡುಗೆಮನೆಗೆ ಯಾರಾದರೂ ಹೀಗೆ ನುಗ್ಗಿ ಕೋಲು ಹಾಕಿದರೆ ನಗುತ್ತೀಯಾ ಎಂದೆ. ಅವನ ಮುಖ ಸಣ್ಣಗಾಯಿತು. ಗಲ್ಲಾದಲ್ಲಿದ್ದ ಯಜಮಾನರು ಎದ್ದು ಬಂದರು. "ಎಂತ ಮಾರಾಯ ನೀನು? ಅವರ ಮನೆ ಅಂತ ಹೇಳ್ತಾ ಇದ್ದಾರಲ್ಲ. ತೆಗಿ ಅದನ್ನು" ಎಂದು ಅವನ ತಲೆಯ ಮೇಲೆಯೇ ನಿಂತರು. ಹುಡುಗ ಗೊಣಗುತ್ತ ನನ್ನೆದುರೇ ಅಳಿಸಿದ.

ಗೆದ್ದೆ ಎಂದುಕೊಂಡು ಆಟೊ ಹತ್ತಿದೆ. ಮನೆಗೆ ಬಂದರೆ ಅಮ್ಮ ಸೋಫಾದಲ್ಲಿ ಕೂತು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದಳು. ಅದೇ ಸಂಗೀತ. ಭಜನೆಗೆ ಸೇರುವ ಹೆಂಗಸರ ಗುಂಪಿನಲ್ಲಿ ಯಾರೋ ಅದನ್ನು ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದರು. ಒಬ್ಬನ ಮೊಬೈಲಿನಲ್ಲಿ ಅಳಿಸಿದರೆ ಎಲ್ಲ ಕಡೆ ಅಳಿಸಿಹೋಗುತ್ತದೆಯೇ? ನನ್ನ ದಡ್ಡತನಕ್ಕೆ ನನ್ನ ಮೇಲೇ ಉರಿಯಿತು.

"ಅಮ್ಮಾ, ಅವನು ಹೇಳೋದೆಲ್ಲ ಸುಳ್ಳು. ಅವನಿಗೆ ಚೆನ್ನಾಗಿ ಉಗಿದು ಬಂದಿದ್ದೀನಿ" ಎಂದೆ.

"ಅವನ ಮಾತು ಹಾಳಾಗ್ಲಿ ಬಿಡೆ" ಎಂದಳು. ಭರಣಿಯಿದ್ದ ಚಿತ್ರವನ್ನು ಅಲ್ಲೇ ನಿಲ್ಲಿಸಿ ನನ್ನ ಮುಖದ ಹತ್ತಿರ ತಂದಳು. "ನಾನು ಕಟ್ಟಿದ ಗಂಟು ಬಿಚ್ಚೇ ಇಲ್ಲ ನೋಡೆ. ನನ್ನ ಸೀರೆ ಅಂಚು, ನಂಗೆ ಗೊತ್ತಾಗಲ್ವಾ? ಯಾರೂ ಬರ್ಲೇ ಇಲ್ವಾ?"

ನಾನು ಇಡ್ಲಿಯ ಪೊಟ್ಟಣ ಬಿಚ್ಚಿ ತಟ್ಟೆಗೆ ಹಾಕಿದೆ. ಅವಳು ಮುಟ್ಟಲಿಲ್ಲ. ಅಮ್ಮ ಸಿಟ್ಟಾದದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ, ಅಪ್ಪನ ಕೆಲಸ ಹೋದ ದಿನವೂ ಇಲ್ಲ. ಈಗ ಅವಳು ತಟ್ಟೆಯನ್ನು ಆಚೆ ತಳ್ಳಿದಳು.

"ಯಾರೂ ಬರಲ್ಲ ಅಂತ ಆ ಸಾಹೇಬಂಗೆ ಗೊತ್ತಿತ್ತಲ್ವೇನೆ? ಗೊತ್ತಿದ್ದೂ ನನ್ನ ಕೈಲಿ ಯಾಕೆ ಉಜ್ಜಿಸಿದ?"