ಆರನೆಯ ಬೆರಳು

ಎಡಗೈಗೆ ಆರು ಬೆರಳು. ಆರನೆಯದು ಹೆಬ್ಬೆರಳಿನ ಮಗ್ಗುಲಲ್ಲಿ, ಹುಣಸೆ ಬೀಜದಷ್ಟು.

ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ಆ ಹಿಂದಿ ಹೊಡೆದಾಟದ ಧಾರಾವಾಹಿ ನೆನಪಿದೆಯೇ? ಅದರ ಮುಖವಾಡದ ಖಳನಾಯಕನ ಕೈ ಇದು. ಕೊನೆಯ ಕಂತಿನಲ್ಲಿ ಕೈಗವಸು ಜಾರುತ್ತದೆ. ನಾಯಕ ಬೆರಳು ನೋಡುತ್ತಾನೆ. ಕಳೆದುಹೋದ ಅಣ್ಣನೇ ಇವನೆಂದು ತಿಳಿಯುತ್ತದೆ.

ನಾನು ನೋಡಿದ್ದಲ್ಲ. ಅಂದು ನಮ್ಮೂರು ಬಸವಕಲ್ಯಾಣದಲ್ಲಿ ಕರೆಂಟ್ ಇರಲಿಲ್ಲ. ನಮ್ಮ ಓಣಿಯಲ್ಲಿ ಆ ಕಂತು ನೋಡಿದ್ದು ಪಕ್ಕದ ಮನೆಯ ಶಾಂತಾ ಕಾಕು ಒಬ್ಬರೇ. ಅವರು ಚಿಟಗುಪ್ಪಕ್ಕೆ ಹೋಗಿದ್ದರು. ಸಂಜೆ ಬಂದು ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು. ಎದುರು ಮನೆಯ ಫಾತಿಮಾ ಆಪಾ ಅತ್ತೇಬಿಟ್ಟರು. (ಹೆಸರುಗಳನ್ನೂ ಕಥೆಯ ಗುರುತುಗಳನ್ನೂ ಬದಲಿಸಿದ್ದೇನೆ. ಹುಡುಕಬೇಡಿ.)

ಹತ್ತು ವರ್ಷಗಳ ಮೇಲೆ ಅದೇ ಕಥೆ ಸಿನಿಮಾ ಆಗಿ ಹುಮನಾಬಾದಿಗೆ ಬಂತು. ಗುರುವಾರ, ಕೊನೆಯ ದಿನದ ಮ್ಯಾಟಿನಿಗೆ ಕಾಕುವನ್ನು ಕರೆದೆ.

"ಮಂಡಿ ಹಿಡಕೊಂಡಾವ ನೋಡವ್ವಾ, ನೀ ಹೋಗಿ ಬಾ" ಎಂದರು.

ಹಿಂದಿನ ದಿನವಷ್ಟೇ ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ ಹೋಗಿ, ಮಗಳು ಸುನಂದಾಳ ಮನೆಯಲ್ಲಿ ಊಟ ಮಾಡಿ ಬಂದಿದ್ದರು. ಆಗ ಮಂಡಿ ನೋಯಲಿಲ್ಲವೇ? ನನ್ನ ಅನುಮಾನ ಶುರುವಾಗಿದ್ದು ಅಲ್ಲಿಂದ.

ಇನ್ನು ಸಿನಿಮಾ. ವಾರಗಟ್ಟಲೆ ನಡೆದ ಕಥೆಯನ್ನು ಎರಡೂವರೆ ಗಂಟೆಗೆ ಇಳಿಸುವವರ ಮೇಲೆ ನನಗೆ ಮೊದಲೇ ನಂಬಿಕೆ ಕಡಿಮೆ. ಕುದುರೆಗಳು ಹೋಗಿ ಬೈಕುಗಳು ಬಂದಿದ್ದವು. ನಾಯಕ ಹಿಮದಲ್ಲಿ ಹಾಡುತ್ತಿದ್ದ (ಹೊಡೆದಾಡಲು ಟೈಮ್ ಎಲ್ಲಿ?). ಸಹಿಸಿಕೊಂಡೆ. ಕೊನೆಗೆ ಕೈಗವಸು ಜಾರಿತು. ಎಣಿಸಿದೆ. ಐದು. ಕ್ಲೋಸಪ್ ಬಂದಾಗ ಮತ್ತೆ ಎಣಿಸಿದೆ. ಐದೇ. ಅವನು ಅಣ್ಣನೂ ಅಲ್ಲ, ಯಾರೋ ಸ್ಮಗ್ಲರ್.

ಬದಲಾಯಿಸಿದ್ದು ಯಾರು? ಸಿನಿಮಾದವರೋ, ಕಾಕುವೋ?

ಬಸ್ಸಿಳಿದು ನೇರ ಕಾಕುವಿನ ಅಡುಗೆಮನೆಗೆ ಹೋದೆ. ಜೋಳದ ಹಿಟ್ಟು ನಾದುತ್ತಿದ್ದರು.

"ಐದೇ ಬೆರಳು ಅದಾವ್ರಿ ಕಾಕು."

"ಎಣಸಿದ್ಯಾ?"

"ಎರಡ ಸಲ."

"ನಿನ್ನ ಎಂ.ಎಸ್ಸಿ. ಇದಕ್ಕ ಉಪಯೋಗ ಬಿತ್ತು ನೋಡು. ಸಿನಿಮಾದವ್ರು ಒಂದ ಬೆರಳ ಕಡದಾರ, ಬಿಡು."

ಬಿಡಲಿಲ್ಲ. ಚಿಟಗುಪ್ಪದಲ್ಲಿ ಯಾರ ಮನೆಯಲ್ಲಿ ನೋಡಿದಿರಿ ಎಂದು ಕೇಳಿದೆ. ನಾದುವ ಕೈ ನಿಂತಿತು.

"ಅಲ್ಲಿ ಟಿವಿನೇ ಇರಲಿಲ್ಲವ್ವಾ. ಸುನಂದಾನ ಲಗ್ನದ ಮಾತಿಗೆ ಹೋಗಿದ್ದೆ. ಹುಡುಗಿ ಕಪ್ಪ ಅದಾಳ, ಬ್ಯಾಡ ಅಂದ್ರು. ಇಲ್ಲಿ ಬಂದ್ರ ಓಣಿ ಮಂದೆಲ್ಲಾ ನಮ್ಮ ಬಾಗಲದಾಗ. ಅದನ್ನೇ ಕೇಳತಾರ ಅಂತ ಎದಿ ಒಡದಿತ್ತು. ನೀವು ಟಿವಿ ಕಥಿ ಕೇಳಿದ್ರಿ. ಹೇಳಕೋತ ಹೋದೆ."

ಹಿಟ್ಟಿಗೆ ನೀರು ಚಿಮುಕಿಸಿ ತಾವೇ ಮುಂದುವರಿಸಿದರು. "ನಾವೇ ಬ್ಯಾಡಂದ್ವಿ ಅಂತ ಸುನಂದಾಗ ಹೇಳೀನಿ. ಇವತ್ತಿಗೂ ಹಂಗೇ ತಿಳದಾಳ. ಕಥಿ ನಾನೇ ಕಟ್ಟಿದ್ದು ಅಂತ ಈಗ ಫಾತಿಮಾಗ ಗೊತ್ತಾದ್ರ, ಅವತ್ತ ಅಲ್ಲಿ ಏನ ಮಾಡಾಕತ್ತಿದ್ದಿ ಅಂತ ಕೆದಕ್ತಾಳ."

ಸಿನಿಮಾದವರು ಕಥೆ ಬದಲಿಸುವುದು ಟಿಕೆಟ್ಟಿಗಾಗಿ. ಅವರನ್ನು ಬೈಯುವುದು ಸುಲಭ. ಕಾಕುವನ್ನು ಏನೆಂದು ಬೈಯಲಿ?

ಮರುದಿನ ಬೆಳಿಗ್ಗೆ ನಳದ ಹತ್ತಿರ ಫಾತಿಮಾ ಆಪಾ ಹಿಡಿದು ನಿಲ್ಲಿಸಿದರು. "ಏನ್ ಬೇಟಿ, ಅಣ್ಣನ ಗುರ್ತ ಹಿಡದ್ನೋ ಇಲ್ಲೋ?"

ಬಸ್ಸು ತಪ್ಪುತ್ತದೆಂದು ಕೊನೆಯ ರೀಲಿಗೆ ಮೊದಲೇ ಎದ್ದು ಬಂದೆ ಎಂದು ಹೇಳಿ, ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಹೋದೆ.